ಚಿಂದಿ ಚೆಂಡು

ಡಾಕ್ಟರಮ್ಮ ಆ ಮಾತು ಹೇಳಿದ್ದು ಅವಳಿಗೆ. ಕಿವಿ ನಿಮಿರಿದ್ದು ಮಾತ್ರ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವಳ ಗಂಡನದು.

"ನೋಡಿಮ್ಮ, ಶುಗರ್ ಹೀಗೇ ಇದ್ರೆ ಇಂಜೆಕ್ಷನ್ ಶುರು ಮಾಡಲೇಬೇಕಾಗುತ್ತೆ. ಬರೀ ಮಾತ್ರೆಯಿಂದ ಆಗಲ್ಲ, ಮೈ ಆಡಬೇಕು. ಯಾವುದಾದ್ರೂ ಒಂದು ವ್ಯಾಯಾಮ ಆರಿಸ್ಕೊಳ್ಳಿ. ಆದ್ರೆ ನಿಮಗೆ ಖುಷಿ ಕೊಡೋದನ್ನೇ ಆರಿಸ್ಕೊಳ್ಳಿ. ಖುಷಿ ಇಲ್ಲದ್ದನ್ನ ಯಾರೂ ಜಾಸ್ತಿ ದಿನ ಮಾಡಲ್ಲ."

"ಅದನ್ನ ನನಗೆ ಬಿಡಿ ಡಾಕ್ಟ್ರೇ," ಎಂದರು ಗಂಡ.

ಅವರು ಸಾಮಾನ್ಯ ಗಂಡನಲ್ಲ, ಡ್ರಿಲ್ ಮೇಷ್ಟ್ರು. ಒಂದು ಶಾಲೆಯ ಮಕ್ಕಳನ್ನು ತಲೆಮಾರುಗಟ್ಟಲೆ ಸಾಲಾಗಿ ನಿಲ್ಲಿಸಿ, ಕೈ ಎತ್ತಿಸಿ, ಕೈ ಇಳಿಸಿ, ಹೋದ ವರ್ಷ ನಿವೃತ್ತರಾಗಿದ್ದರು. ಶಾಲೆಯವರು ಭಾಷಣ ಮಾಡಿ ಕಳಿಸಿಕೊಟ್ಟರೇ ಹೊರತು ಅವರ ಕೊರಳಿನ ಸೀಟಿಯನ್ನು ಇಸಿದುಕೊಳ್ಳಲಿಲ್ಲ. ಇಸಿದುಕೊಳ್ಳಬೇಕಿತ್ತು. ಊದಲು ಸೀಟಿ ಇದ್ದು, ಊದಿಸಿಕೊಳ್ಳಲು ಯಾರೂ ಇಲ್ಲದ ಮನುಷ್ಯ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂದು ಯಾರಾದರೂ ಯೋಚಿಸಬೇಕಿತ್ತು. ಈಗ ಅವರಿಗೆ ಒಬ್ಬ ವಿದ್ಯಾರ್ಥಿನಿ ಸಿಕ್ಕಿದಳು.

ಅವಳಿಗೂ ಭಯವಿಲ್ಲದೆ ಇರಲಿಲ್ಲ. ಅವಳ ಅಕ್ಕನಿಗೂ ಇದೇ ಕಾಯಿಲೆ. ಮೊದಲು ಕಾಲಿನ ಒಂದು ಬೆರಳು ಹೋಯಿತು, ಆಮೇಲೆ ಇಡೀ ಪಾದ. ಅಕ್ಕನಾದರೂ ಕೂತು ಉಣ್ಣುವ ಮನೆಯವಳು. ಇವಳ ಅನ್ನ ಇರುವುದೇ ಕಾಲಡಿಯಲ್ಲಿ. ದೊಡ್ಡ ಬಟ್ಟೆ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಅವಳದು ಆಲ್ಟರೇಶನ್ ಕೆಲಸ. ಮೇಲೆ ಗಿರಾಕಿಗಳು ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ಕೊಂಡ ಪ್ಯಾಂಟನ್ನು ಕೆಳಗೆ ಇವಳು ಬಿಚ್ಚಿ, ಸೊಂಟ ಸಡಿಲಿಸಿ, ಕಾಲು ಮೋಟು ಮಾಡಿ ಕೊಡಬೇಕು. ಬೆಳಗಿನಿಂದ ಸಂಜೆವರೆಗೆ ಬಲಗಾಲು ಮೆಷಿನ್ನಿನ ಪೆಡಲಿನ ಮೇಲೆ. ಆ ಕಾಲು ಹೋದರೆ ಕೆಲಸ ಹೋದಂತೆ, ಕೆಲಸ ಹೋದರೆ ಮನೆಯಲ್ಲಿ ಸೀಟಿಯ ಮುಂದೆ ಕೂರುವುದೊಂದೇ ಉಳಿಯುವುದು. ಅಕ್ಕನ ಮನೆಗೆ ಹೋಗಿಬಂದ ದಿನ ಅವಳು ತನ್ನ ಪಾದವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅವಳು ಮೊದಲು ಆರಿಸಿಕೊಂಡದ್ದು ನಡಿಗೆ. ಅವಳ ನಡಿಗೆಗೆ ಅದರದೇ ಒಂದು ರುಚಿಯಿತ್ತು. ಅಂಗಡಿಬೀದಿಯ ಗಾಜುಗಳ ಮುಂದೆ ಹಾಯುತ್ತಾ, ಗೊಂಬೆಗೆ ತೊಡಿಸಿದ ಕೋಟಿನ ಭುಜ ಸರಿಯಾಗಿ ಕೂತಿದೆಯೇ, ಕಾಲರ್ ತಿರುಗಿಸಿದವನಿಗೆ ಕೆಲಸ ಬರುತ್ತದೆಯೇ ಎಂದು ಇಣುಕಿ ನೋಡಿ, ಬರುವುದಿಲ್ಲ ಎಂದು ಖಾತ್ರಿಯಾದಾಗ ಒಳಗೊಳಗೇ ನಕ್ಕು ಮುಂದೆ ಹೋಗುವುದು. ಎರಡನೆಯ ದಿನವೇ ಮೇಷ್ಟ್ರು ಜೊತೆಗೆ ಹೊರಟರು.

"ಇದು ನಡಿಗೆಯೇನೇ? ಸಂತೆಗೆ ಬಂದ ಹಾಗಿದೆ. ಎದೆ ಮುಂದೆ. ಗಲ್ಲ ಮೇಲೆ. ಕೈ ಬೀಸು. ನಿಲ್ಲಬಾರದು."

"ಆ ಕೋಟು ನೋಡ್ತಿದ್ದೆ ರೀ."

"ಕೋಟು ನೋಡಿದ್ರೆ ಶುಗರ್ ಇಳಿಯುತ್ತಾ? ಲೆಫ್ಟ್, ರೈಟ್, ಲೆಫ್ಟ್."

ನಡುಬೀದಿಯಲ್ಲಿ ಒಬ್ಬ ಗಂಡಸು ಲೆಫ್ಟ್ ರೈಟ್ ಎನ್ನುತ್ತಾ, ಅವನ ಹೆಂಡತಿ ಕೈ ಬೀಸುತ್ತಾ ಹೋಗುವುದನ್ನು ನೋಡಲು ಜನ ಅಂಗಡಿಯಿಂದ ಹೊರಗೆ ಬಂದರು. ಕೋಟು ತೊಟ್ಟ ಗೊಂಬೆ ಕೂಡ ತನ್ನನ್ನೇ ನೋಡುತ್ತಿದೆ ಅನ್ನಿಸಿ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನುವಂತಾಯಿತು. ವಾರ ಕಳೆಯುವುದರೊಳಗೆ ನಡಿಗೆಗೆ ಎಳ್ಳುನೀರು ಬಿಟ್ಟಳು.

ಆಮೇಲೆ ಈಜು. ಈಜುಕೊಳದಲ್ಲಿ ಹೆಂಗಸರಿಗೆಂದೇ ಬೇರೆ ಹೊತ್ತು ಇತ್ತು, ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. ಅವಳಿಗೆ ಇದಕ್ಕಿಂತ ಹೆಚ್ಚಿನ ಆಕರ್ಷಣೆ ಬೇಕಿರಲಿಲ್ಲ. ಈಜು ಬರುತ್ತಿರಲಿಲ್ಲ, ಆದರೂ ಕಡಿಮೆ ಆಳದ ಕಡೆ ಕಂಬಿ ಹಿಡಿದು ಕಾಲು ಬಡಿದರೆ ಮೈ ಹಗುರವಾಗಿ, ಮನಸ್ಸು ಇನ್ನೂ ಹಗುರವಾಗುತ್ತಿತ್ತು. ಪಕ್ಕದವಳ ಮುಖಕ್ಕೆ ನೀರು ಎರಚಿದರೆ ಅವಳೂ ತಿರುಗಿ ಎರಚುತ್ತಿದ್ದಳು. ಮೂರನೆಯ ಸಲ ಹೋದಾಗ ತಂತಿಬೇಲಿಯ ಆಚೆಯಿಂದ ಪೀ ಎಂದು ಸೀಟಿ ಕೇಳಿಸಿತು.

"ಮೊಣಕಾಲು ಮಡಿಸಬೇಡ. ತೊಡೆಯಿಂದ ಬಡಿ, ತೊಡೆಯಿಂದ."

ಕೊಳದಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಕಿರುಚಿ ಕೊರಳಿನತನಕ ಮುಳುಗಿದರು. ಕಾವಲಿನವಳು ಹೊರಗೋಡಿ ಮೇಷ್ಟ್ರಿಗೆ ಮುಖಕ್ಕೆ ಮಂಗಳಾರತಿ ಎತ್ತಿದಳು. ಅವರು ಹೆಂಡತಿಯ ಆರೋಗ್ಯದ ವಿಷಯ ಹೇಳಿ, ತಾವು ಎಂಥವರು ಎಂದು ವಿವರಿಸಿ, ಕೊನೆಗೆ ಕಾವಲಿನವಳು ನಿಂತ ಭಂಗಿಯನ್ನೇ ತಿದ್ದಲು ಹೋದರಂತೆ. ಮರುದಿನ ಟಿಕೆಟು ಕೊಡುವಾಕೆ ಇವಳ ಮುಖ ನೋಡದೆ, "ಯಜಮಾನರು ಬರಲ್ಲ ತಾನೇ?" ಎಂದು ಕೇಳಿದಳು. ಇವಳು ಟವೆಲ್ಲು ಚೀಲಕ್ಕೆ ತುರುಕಿ ಅಲ್ಲಿಂದಲೇ ಹಿಂದಿರುಗಿದಳು. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲಿನ ಹಾಡಿಗೆ ಕುಣಿದು ನೋಡಿದಳು. ಬಾಗಿಲ ಆಚೆಯಿಂದ ಒನ್, ಟೂ, ತ್ರೀ, ಫೋರ್ ಎಂದು ಎಣಿಕೆ ಶುರುವಾಯಿತು, ಅದೂ ತಾಳ ತಪ್ಪಿ.

"ನನ್ನ ಪಾಡಿಗೆ ನನ್ನ ಬಿಡಬಾರದೇನ್ರೀ?" ಎಂದು ಕೇಳಿಯೇಬಿಟ್ಟಳು.

"ಬಿಟ್ರೆ ನೀನು ಮಾಡ್ತೀಯಾ? ನಿಮ್ಮಕ್ಕನ್ನ ನೋಡಿದೀಯಲ್ಲ."

ಅಷ್ಟು ಹೇಳಿ ಅವರು ಕನ್ನಡಕ ಹಾಕಿಕೊಂಡು ಅವಳ ಕಾಲ ಬಳಿ ಕೂತರು. ಪಾದದಲ್ಲಿ ಎಲ್ಲಾದರೂ ಗಾಯ, ಗುಳ್ಳೆ ಇದೆಯೇ ಎಂದು ದಿನಾ ನೋಡಬೇಕೆಂದು ಡಾಕ್ಟರಮ್ಮ ಹೇಳಿದ್ದರು, ಮೇಷ್ಟ್ರು ಒಂದು ಸಂಜೆಯೂ ತಪ್ಪಿಸಿರಲಿಲ್ಲ. ಬೆರಳು ಬೆರಳಿನ ಸಂದು ಬಿಡಿಸಿ, ದೀಪಕ್ಕೆ ಹಿಡಿದು ನೋಡಿ, "ಚೆನ್ನಾಗಿದೆ," ಎಂದು ಕಾಲನ್ನು ನಿಧಾನವಾಗಿ ನೆಲಕ್ಕಿಳಿಸುತ್ತಿದ್ದರು. ಅವಳ ಕಷ್ಟವಿದ್ದದ್ದೇ ಇಲ್ಲಿ. ಬರೀ ಪೀಡೆಯಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಪಾದ ಹಿಡಿದು ಕೂತ ಗಂಡನ ಮೇಲೆ ಪಿತ್ತ ನೆತ್ತಿಗೇರಿದರೂ ಅದನ್ನು ಇಳಿಸಲು ಜಾಗವೇ ಸಿಗುತ್ತಿರಲಿಲ್ಲ.

ಕೊನೆಗೆ ಮೇಷ್ಟ್ರೇ ಆರಿಸಿದರು. ತಾರಸಿಯ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಒಬ್ಬಳೇ ವಿದ್ಯಾರ್ಥಿನಿಗೆ ಸಾಲು ಯಾಕೆ ಬೇಕು ಎಂದು ಕೇಳಬೇಡಿ, ಅವಳೂ ಕೇಳಲಿಲ್ಲ. ದಿನಾ ಬೆಳಿಗ್ಗೆ ಆ ಗೆರೆಯ ಮೇಲೆ ನಿಂತು, ಸೀಟಿಗೊಮ್ಮೆ ಕೈ ಎತ್ತಿ, ಸೀಟಿಗೊಮ್ಮೆ ಇಳಿಸಿ, ಮನಸ್ಸನ್ನು ಎಲ್ಲೋ ಬಿಟ್ಟು ಮೈಯನ್ನು ಮಾತ್ರ ಹಾಜರು ಹಾಕಿಸುತ್ತಿದ್ದಳು. ಡ್ರಿಲ್ ಮುಗಿದ ಮೇಲೆ ಅವಳಿಗೆ ಎಂಥ ಹಸಿವೆಂದರೆ, ಅಂಗಡಿಗೆ ಹೋಗುವ ದಾರಿಯಲ್ಲಿ ಎರಡು ಬನ್ನು ಕೊಂಡು, ಯಾರೂ ನೋಡದ ಹಾಗೆ ತಿಂದುಬಿಡುತ್ತಿದ್ದಳು. ಸೇಡು ತೀರಿಸಿಕೊಳ್ಳಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ.

ಮುಂದಿನ ಪರೀಕ್ಷೆಯಲ್ಲಿ ಶುಗರ್ ಇಳಿದಿರಲಿಲ್ಲ.

"ಆರಿಸ್ಕೊಂಡಿರೋ ವ್ಯಾಯಾಮ ಖುಷಿ ಕೊಡ್ತಿದೆಯಾ?" ಎಂದು ಕೇಳಿದರು ಡಾಕ್ಟರಮ್ಮ.

"ಬಹಳ ಖುಷಿ ಡಾಕ್ಟ್ರೇ," ಎಂದರು ಮೇಷ್ಟ್ರು.

"ಇನ್ನೊಂದೇ ಒಂದು ಸಲ ನೋಡ್ತೀನಿ. ಆಮೇಲೆ ಇಂಜೆಕ್ಷನ್ನೇ."

ಅವತ್ತು ಅವಳು ಕೆಲಸಕ್ಕೆ ಹೋದಾಗ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾಗದು. ಗಂಡನ ಮೇಲೆ, ಡಾಕ್ಟರ ಮೇಲೆ, ತನ್ನ ರಕ್ತದ ಮೇಲೆ, ಬನ್ನಿನ ಮೇಲೆ. ಮೆಷಿನ್ನಿನ ಕೆಳಗೆ ಕತ್ತರಿಸಿ ಬಿದ್ದ ಚಿಂದಿ ರಾಶಿ ಇತ್ತು. ಪ್ಯಾಂಟಿನ ತುದಿ, ತೋಳಿನ ತುಂಡು, ಕೋಟಿನ ಒಳಪದರದ ಪಟ್ಟಿ. ಅದರಲ್ಲಿ ಒಂದು ಹಿಡಿ ತೆಗೆದು ಸುತ್ತಿದಳು. ಇನ್ನೊಂದು ಹಿಡಿ ಸುತ್ತಿ ಬಿಗಿದಳು. ದಾರ ಹಾಕಿ ಎಳೆದಳು, ಕೋಟಿನ ಬಟ್ಟೆಯ ತುಂಡೊಂದನ್ನು ಮೇಲೆ ಹೊದಿಸಿ ದಪ್ಪ ಸೂಜಿಯಿಂದ ಚುಚ್ಚಿ ಚುಚ್ಚಿ ಹೊಲಿದಳು. ತೆಂಗಿನಕಾಯಿಯಷ್ಟು ದೊಡ್ಡ ಗಟ್ಟಿ ಉಂಡೆಯಾಯಿತು. ಕೆಲಸ ಮುಗಿದದ್ದೇ ತಡ, ಅದನ್ನು ಹಿತ್ತಲಿಗೆ ಒಯ್ದು ಗೋಡೆಗೆ ಬೀಸಿ ಹೊಡೆದಳು.

ಹಿತ್ತಲೆಂದರೆ ಲಾರಿಗಳು ಬಂದು ಬಟ್ಟೆಯ ಪೆಟ್ಟಿಗೆ ಇಳಿಸುವ ಸಿಮೆಂಟಿನ ಅಂಗಳ. ಸಂಜೆಯ ಹೊತ್ತು ಅಲ್ಲಿ ಯಾರೂ ಇರುವುದಿಲ್ಲ. ಅವತ್ತು ಹಬೆಯಕ್ಕ ಇದ್ದಳು. ನೆಲಮಾಳಿಗೆಯಲ್ಲಿ ಇಸ್ತ್ರಿ ಹಾಕುವವಳು, ದಿನವಿಡೀ ಹಬೆಯ ನಡುವೆ ನಿಂತಿರುವುದರಿಂದ ಆ ಹೆಸರು. ಮಾತು ಕಡಿಮೆ. ಗೋಡೆಗೆ ಬಡಿದ ಉಂಡೆ ನೆಲಕ್ಕೆ ಬೀಳುವ ಮೊದಲೇ ಅವಳು ಎಲ್ಲಿಂದಲೋ ನುಗ್ಗಿಬಂದು ಹಿಡಿದುಬಿಟ್ಟಳು.

"ಔಟು," ಎಂದಳು.

"ಯಾರು ಔಟು?"

"ನೀನು."

ಹಾಗೆ ಶುರುವಾಯಿತು. ಚಿಂದಿ ಚೆಂಡು ಪುಟಿಯುವುದಿಲ್ಲ. ಗೋಡೆಗೆ ಬಡಿದು ಅಲ್ಲೇ ಸೋತು ಕೆಳಗೆ ಬೀಳುತ್ತದೆ. ಅದು ಬೀಳುವುದರೊಳಗೆ ದೂರದಿಂದ ಓಡಿ ಹೋಗಿ ಹಿಡಿಯಬೇಕು. ಒಬ್ಬಳು ಎಸೆದರೆ ಇನ್ನೊಬ್ಬಳು ಓಡಬೇಕು. ನಿಯಮವೆಲ್ಲ ಅಷ್ಟೇ, ಅದನ್ನೂ ಇಬ್ಬರೂ ಮುರಿಯುತ್ತಿದ್ದರು. ಎಡಕ್ಕೆ ನೋಡಿ ಬಲಕ್ಕೆ ಎಸೆಯುವುದು, ಓಡುವವಳ ಬಟ್ಟೆ ಹಿಡಿದು ಎಳೆಯುವುದು, ನೆಲ ಮುಟ್ಟಿದ ಚೆಂಡನ್ನು ಮುಟ್ಟಿಲ್ಲ ಎಂದು ಆಣೆ ಹಾಕುವುದು. ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ವಯಸ್ಸಿನ ಇಬ್ಬರು ಹೆಂಗಸರು ಸುಳ್ಳು ಹೇಳಿ, ಕಿತ್ತಾಡಿ, ಏದುಸಿರು ಬಿಟ್ಟು, ಲಾರಿಯ ಕಟ್ಟೆಯ ಮೇಲೆ ಬಿದ್ದು ನಗುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಸಂಜೆಯ ನೆನಪಾಗತೊಡಗಿತು. ಬನ್ನಿನ ಅಂಗಡಿಯ ಮುಂದೆ ನಿಲ್ಲದೆ ಹೋಗುತ್ತಿರುವುದು ಎಷ್ಟೋ ದಿನಗಳ ನಂತರ ಗಮನಕ್ಕೆ ಬಂತು.

ಮನೆಯಲ್ಲಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. "ಅಂಗಡೀಲಿ ಕೆಲಸ ಜಾಸ್ತಿ," ಎಂದಳು. ತಾರಸಿಯ ಡ್ರಿಲ್ಲಿಗೂ ತಪ್ಪದೆ ಹೋಗುತ್ತಿದ್ದಳು. ಸೊಂಟ ಸಡಿಲವಾದ ತನ್ನ ಪ್ಯಾಂಟುಗಳನ್ನು ತಾನೇ ಮೆಷಿನ್ನಿಗೆ ಕೊಟ್ಟು ಹಿಡಿಸಿಕೊಂಡಳು. ಊರವರ ಸೊಂಟ ಸಡಿಲಿಸಿಯೇ ಜೀವ ಸವೆಸಿದವಳಿಗೆ ಅದೊಂದು ದೊಡ್ಡ ಸಂಭ್ರಮ.

ಈ ಸಲ ಡಾಕ್ಟರಮ್ಮ ಕಾಗದ ನೋಡಿ ನಕ್ಕರು. "ಏನು ಮಾಡ್ತಿದೀರೋ ಅದನ್ನೇ ಮಾಡಿ. ಯಾವ ಕಾರಣಕ್ಕೂ ಬಿಡಬೇಡಿ."

"ಬಿಡೋಕೆ ನಾನು ಬಿಟ್ರೆ ತಾನೇ?" ಎಂದು ಮೇಷ್ಟ್ರು ಎದೆಯುಬ್ಬಿಸಿದರು. ತಮ್ಮ ಡ್ರಿಲ್ಲಿನ ಫಲ ಅದೆಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆಗಲೇ ಹೇಳಬೇಕಿತ್ತು. ಮಾತು ಗಂಟಲಿನವರೆಗೂ ಬಂದಿತ್ತು. ಆದರೆ ಮೇಷ್ಟ್ರ ಮುಖ ನೋಡಿದಳು. ನಿವೃತ್ತಿಯಾದ ಮೇಲೆ ಆ ಮುಖದಲ್ಲಿ ಕಳೆಯೇ ಇರಲಿಲ್ಲ, ಇವತ್ತು ಇತ್ತು. ಒಳ್ಳೆಯತನ ತೋರಿಸಲು ಹೋಗಿ ಅವಳು ಮಾತು ನುಂಗಿದಳು. ಮಾಡಿದ ದೊಡ್ಡ ತಪ್ಪು ಅದೇ.

ಯಾಕೆಂದರೆ ಮೇಷ್ಟ್ರು ಬೀದಿ ಬೀದಿ ಸಾರಿದರು. ಕೆಳಮನೆಯ ಹಲ್ಲಿನ ಡಾಕ್ಟರಿಗೆ ಮಂಡಿನೋವು, ಎದುರುಮನೆಯ ಬ್ಯಾಂಕಿನವರಿಗೆ ಬೊಜ್ಜು, ಅವರ ತಂಗಿಗೆ ನಿದ್ದೆ ಬರುವುದಿಲ್ಲ. "ನನ್ನ ಮನೆಯವಳನ್ನೇ ನೋಡಿ," ಎಂದರು ಎಲ್ಲರಿಗೂ. ಕಟ್ಟಡದ ಮುಂದಿನ ಅಂಗಳದಲ್ಲಿ ಹೊಸ ಗೆರೆಗಳು ಬಿದ್ದವು. ಬಂದವರೆಲ್ಲ ಬೆಳಿಗ್ಗೆ ಕೆಲಸಕ್ಕೆ ಓಡುವವರಾದ್ದರಿಂದ ತರಗತಿ ಸಂಜೆಗೆ ನಿಗದಿಯಾಯಿತು.

"ನೀನು ಅಂಗಡಿ ಬಿಟ್ಟ ಕೂಡಲೇ ಬಂದ್ಬಿಡು," ಎಂದರು ಮೇಷ್ಟ್ರು. "ಮುಂದೆ ನೀನೇ ನಿಲ್ಲಬೇಕು. ನಿನ್ನ ನೋಡಿ ತಾನೇ ಅವರೆಲ್ಲ ಬರೋದು."

"ಸಂಜೆ ನನಗೆ ಕೆಲಸ ಇರುತ್ತಲ್ರೀ."

"ಕೆಲಸಕ್ಕಿಂತ ಪ್ರಾಣ ಮುಖ್ಯ ಕಣೇ. ನಾನು ಬೇಕಾದ್ರೆ ನಿಮ್ಮ ಮ್ಯಾನೇಜರ್ ಹತ್ರ ಬಂದು ಮಾತಾಡ್ತೀನಿ."

ಮೇಷ್ಟ್ರು ಬಂದು ಮ್ಯಾನೇಜರನ್ನು ಸಾಲಿನಲ್ಲಿ ನಿಲ್ಲಿಸುವುದನ್ನು ಕಲ್ಪಿಸಿಕೊಂಡು ಅವಳು ಒಪ್ಪಿದಳು. ಸಂಜೆ ಸಂಜೆ ಮುಂದಿನ ಗೆರೆಯ ಮೇಲೆ ನಿಂತಳು, ಗಾಜಿನ ಹಿಂದಿನ ಗೊಂಬೆಯ ಹಾಗೆ. "ಇವಳ ಸೊಂಟ ನೋಡಿ," ಎಂದರು ಮೇಷ್ಟ್ರು. ಎಲ್ಲರೂ ನೋಡಿದರು. "ಮೊದಲು ಎಷ್ಟಿತ್ತು, ಹೇಳೇ." ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು. ನೆಲಮಾಳಿಗೆಯಲ್ಲಿ ಹಬೆಯಕ್ಕ ಮೊದಮೊದಲು, "ಇವತ್ತು?" ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನೂ ಬಿಟ್ಟಳು. ಚೆಂಡು ಗುಂಡಿಗಳ ಡಬ್ಬದ ಪಕ್ಕ ಧೂಳು ಹಿಡಿಯುತ್ತಾ ಕೂತಿತು.

ಬನ್ನಿನಂಗಡಿಯವನು ಮತ್ತೆ ಅವಳ ಮುಖ ಕಂಡ. ಬೆರಳು ಚುಚ್ಚಿ ರಕ್ತ ನೋಡುವ ಪುಟ್ಟ ಯಂತ್ರ ಮನೆಯಲ್ಲಿತ್ತು. ಅದರ ಅಂಕಿ ದಿನದಿನಕ್ಕೆ ಮೇಲೇರತೊಡಗಿತು. ಅವಳು ಅದನ್ನು ಮೇಷ್ಟ್ರಿಗೆ ತೋರಿಸಿದಳು.

"ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತು ಜಾಸ್ತಿ ಮಾಡೋಣ," ಎಂದರು ಅವರು.

ಅವಳು ಆ ಸಂಜೆ ಪಾದ ತೋರಿಸಲಿಲ್ಲ. ಕಾಲು ಮಡಿಸಿಕೊಂಡು ಕೂತಳು. ಮೇಷ್ಟ್ರು ಕನ್ನಡಕ ಹಿಡಿದು ಎರಡು ಸಲ ಕೇಳಿ, ಏನೂ ತಿಳಿಯದೆ ಎದ್ದು ಹೋದರು.

ಮರುದಿನ ಕೆಲಸ ಮುಗಿಸಿ ಅವಳು ಮನೆಯ ಕಡೆ ಹೊರಡಲಿಲ್ಲ. ಚೆಂಡಿನ ಧೂಳು ಕೊಡವಿ, "ಬಾರೇ," ಎಂದಳು. ಹಬೆಯಕ್ಕ ಇಸ್ತ್ರಿಯ ಸ್ವಿಚ್ಚು ಆರಿಸಿ ಹಿಂದೆಯೇ ಬಂದಳು. ಎಷ್ಟು ದಿನದ ಬಾಕಿಯೋ ಏನೋ, ಅವತ್ತಿನ ಆಟಕ್ಕೆ ಹದ್ದುಬಸ್ತು ಇರಲಿಲ್ಲ. ಹಬೆಯಕ್ಕ ಕಾಲು ಅಡ್ಡ ಕೊಟ್ಟಳು, ಇವಳು ಅವಳ ಕಣ್ಣನ್ನು ಕೈಯಿಂದ ಮುಚ್ಚಿದಳು. ಚೆಂಡು ಗೋಡೆಯ ತುದಿಗೆ ತಗುಲಿ ಓರೆಯಾಗಿ ಬಿತ್ತು, ಇವಳು ಮಂಡಿಯೂರಿ ಜಾರಿಹೋಗಿ ಅದನ್ನು ಹಿಡಿದು, ಅಂಗಳವೆಲ್ಲ ಮೊಳಗುವ ಹಾಗೆ ಕೂಗಿ, ನಗು ತಡೆಯಲಾರದೆ ಅಲ್ಲೇ ಕೂತಳು. ಕೂತು ತಲೆಯೆತ್ತಿದರೆ ಗೇಟಿನ ಬಳಿ ಮೇಷ್ಟ್ರು ನಿಂತಿದ್ದರು. ಓಡಿ ಬಂದಿದ್ದರು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ನೀನು ಬರಲಿಲ್ಲವಲ್ಲ," ಎಂದರು. "ಎಲ್ಲಾದ್ರೂ ತಲೆ ಸುತ್ತಿ ಬಿದ್ದೆಯೋ ಅಂತ... ಅವರನ್ನೆಲ್ಲ ಕೈ ಎತ್ತಿಸಿ ನಿಲ್ಲಿಸಿ ಬಂದೆ."

"ನಾನು ದಿನಾ ಇಲ್ಲಿಗೇ ಬರ್ತಿದ್ದೆ," ಎಂದಳು ಅವಳು, ಎದ್ದು ಮಂಡಿ ಒರೆಸಿಕೊಳ್ಳುತ್ತಾ. "ಶುಗರ್ ಇಳಿದದ್ದು ಇದರಿಂದ. ಇದು ನಿಲ್ತು, ಅದು ಏರ್ತು. ನಿಮ್ಮ ಡ್ರಿಲ್ಲಿನಿಂದ ಏನೂ ಆಗಿಲ್ಲ. ನನಗೆ ಅದು ಒಂದು ದಿನವೂ ಇಷ್ಟವಾಗಿಲ್ಲ."

ಇಷ್ಟು ನೇರವಾಗಿ ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಹಬೆಯಕ್ಕ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಮೇಷ್ಟ್ರು ಹೆಂಡತಿಯ ಕೈಯಲ್ಲಿದ್ದ ಚೆಂಡನ್ನೇ ನೋಡಿದರು. ಅವರ ಕೈ ತಾನಾಗಿ ಸೀಟಿಯ ಕಡೆ ಹೋಯಿತು, ಬಾಯಿ ತಾನಾಗಿ ತೆರೆಯಿತು.

"ನೀನು ಎಸೆಯುವಾಗ ಮೊಣಕೈ..."

"ಬೇಡ," ಎಂದಳು ಅವಳು. "ಮೊಣಕೈ ಅಂದ್ರೆ ನಾಳೆಯಿಂದ ನಾನು ಇಲ್ಲಿಗೂ ಬರಲ್ಲ. ಆಮೇಲೆ ಇಂಜೆಕ್ಷನ್ನು, ಆಮೇಲೆ ಅಕ್ಕನಿಗಾದದ್ದು. ನಿಮಗೆ ನನ್ನ ಮೊಣಕೈ ಸರಿ ಇರಬೇಕಾ, ನಾನು ಇರಬೇಕಾ?"

ಮೇಷ್ಟ್ರ ಕೈ ಕೆಳಗಿಳಿಯಿತು. ಆಮೇಲೆ ಆಡಿದ ದನಿಯನ್ನು ಅವಳು ಅವರ ಬಾಯಲ್ಲಿ ಅಲ್ಲಿಯವರೆಗೆ ಕೇಳಿರಲಿಲ್ಲ.

"ಗೇಟಿನ ಆಚೆಯಿಂದಲೇ ಕೇಳಿಸ್ತು, ನೀನು ನಗೋದು. ನನ್ನ ಪೀರಿಯಡ್ಡಿನಲ್ಲಿ ಒಂದು ಮಗುವೂ ಹಾಗೆ ನಗಲಿಲ್ಲ ಕಣೇ. ನಕ್ಕಿದ್ರೆ ಸಾಲಿನಿಂದ ಆಚೆ ನಿಲ್ಲಿಸ್ತಿದ್ದೆ."

ಅವರು ಒಂದು ಹೆಜ್ಜೆ ಮುಂದೆ ಬಂದರು.

"ನಾನೂ ಒಂದ್ಸಲ ಎಸೀಲಾ?"

ಕೊಡಬೇಕೆಂದು ಅವಳ ಕೈ ಅರ್ಧ ಮುಂದೆ ಹೋದದ್ದು ನಿಜ. ಆದರೆ ಅವಳಿಗೆ ಆ ಮನುಷ್ಯ ಚೆನ್ನಾಗಿ ಗೊತ್ತಿತ್ತು. ಇವತ್ತು ಒಂದ್ಸಲ ಎಸೆಯುತ್ತಾರೆ. ನಾಳೆ ಎಲ್ಲಿ ನಿಂತು ಎಸೆಯಬೇಕು ಎನ್ನುತ್ತಾರೆ. ನಾಳಿದ್ದು ಈ ಸಿಮೆಂಟಿನ ಮೇಲೆ ಸುಣ್ಣದ ಗೆರೆ ಬೀಳುತ್ತದೆ. ಅವರಿಗೂ ಅದು ಬೇಕೆಂದಲ್ಲ, ಬೇರೆ ಥರ ಇರಲು ಅವರಿಗೆ ಬರುವುದಿಲ್ಲ.

"ಬೇಡ ರೀ," ಎಂದಳು. "ಇದು ನನ್ನದು. ನಿಮಗೆ ಖುಷಿ ಕೊಡೋದು ಯಾವುದು ಅಂತ ನೀವೇ ಹುಡುಕ್ಕೊಳ್ಳಿ."

"ಈ ವಯಸ್ಸಿನಲ್ಲಿ ಎಲ್ಲಿ ಅಂತ ಹುಡುಕಲಿ?"

"ನನಗೆ ಗೊತ್ತಿಲ್ಲ."

ಅವರು ತಲೆಯಾಡಿಸಿದರು. "ಹಾಗಾದ್ರೆ ಹೋಗ್ತೀನಿ. ಪಾಪ, ಅವರೆಲ್ಲ ಕೈ ಎತ್ತಿಕೊಂಡೇ ನಿಂತಿರ್ತಾರೆ. ಇಳಿಸಿ ಅಂತ ಹೇಳಿಲ್ಲ ನಾನು."

ಹಲ್ಲಿನ ಡಾಕ್ಟರೂ ಬ್ಯಾಂಕಿನವರೂ ಇಷ್ಟು ಹೊತ್ತಿಗೆ ಕೈ ಇಳಿಸಿ, ಮನೆಗೆ ಹೋಗಿ, ಕಾಲು ಚಾಚಿ ಕೂತಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಮೇಷ್ಟ್ರು ಗೇಟು ದಾಟಿ, ಎದೆ ಮುಂದೆ ಮಾಡಿ, ಕೈ ಬೀಸಿಕೊಂಡು ಬೀದಿಯಲ್ಲಿ ನಡೆದು ಹೋದರು.

"ಒಂದ್ಸಲ ಎಸೆಯೋಕೆ ಬಿಡಬಹುದಿತ್ತು," ಎಂದಳು ಹಬೆಯಕ್ಕ.

"ಬಿಡಬಹುದಿತ್ತು," ಎಂದಳು ಅವಳು. ಕಣ್ಣು ಉರಿಯುತ್ತಿತ್ತು. ಎಲ್ಲದರಿಂದ ತಪ್ಪಿಸಿಕೊಂಡು ಬಂದು ಹಿಡಿದುಕೊಂಡ ಈ ಒಂದು ಸಂತೋಷದಲ್ಲೂ ಈಗ ಒಂಟಿಯಾಗಿ ನಡೆದುಹೋದ ಅವರ ಬೆನ್ನಿನ ನೆನಪು ಬಂದು ಸೇರಿಕೊಂಡಿತಲ್ಲ ಎಂದು ಸಿಟ್ಟು ಬಂತು. ಹಾಗೆಂದು ಅವರ ಹಿಂದೆ ಹೋಗಲಿಲ್ಲ. ಚೆಂಡನ್ನು ಹಬೆಯಕ್ಕನ ಕೈಗೆ ಕೊಟ್ಟು ಅಂಗಳದ ಆಚೆ ತುದಿಗೆ ಹೋಗಿ ನಿಂತಳು.

"ಎಸಿ," ಎಂದಳು.